ಕೋಣೆಯ ಕಾವು ಎಲ್ಲಿಗೆ ಹೋಗುತ್ತದೆ?



ಕಳೆದ ತಿಂಗಳು ರಾಯಚೂರು ಸೀಮೆಯ ಸೋದರಿಯೊಬ್ಬರಿಂದ ನಮಗೊಂದು ಪತ್ರ ಬಂದಿತು. ಅವರ ಅತ್ತೆಯವರಿಗೆ ಎಪ್ಪತ್ತೈದು ದಾಟಿದೆ. ಸಕ್ಕರೆ ಕಾಯಿಲೆ ಇದೆ, ಹೃದಯವೂ ಅಷ್ಟು ಗಟ್ಟಿಯಿಲ್ಲ. ಅವರು ಮಲಗುವ ಕೋಣೆಗೆ ಹವಾನಿಯಂತ್ರಕವನ್ನು, ಅಂದರೆ ನಾವೆಲ್ಲ ಏಸಿ ಎಂದು ಕರೆಯುವ ಯಂತ್ರವನ್ನು ಹಾಕಿಸೋಣವೆಂದರೆ ಮನೆಯ ಹಿರಿಯರು ಒಪ್ಪುತ್ತಿಲ್ಲವಂತೆ. ಒಪ್ಪದಿರುವುದಕ್ಕೆ ಅವರು ಮುಂದಿಡುವ ಆಧಾರ ನಮ್ಮದೇ ಬರಹ. ಕೆಲವು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ ದುಂದುವೆಚ್ಚವನ್ನು ಕುರಿತು ಬರೆಯುತ್ತ, ಮದುವೆಯ ಚಪ್ಪರದ ವಿದ್ಯುದ್ದೀಪ, ಹಜಾರದ ಸೋಫಾ, ಗೋಡೆಯ ಏಸಿ ಇವೆಲ್ಲವನ್ನೂ ನಾವು ಒಂದೇ ಸಾಲಿನಲ್ಲಿ ನಿಲ್ಲಿಸಿ ಬೈದಿದ್ದೆವು. ಆ ಪುಟವನ್ನು ಕತ್ತರಿಸಿಟ್ಟುಕೊಂಡಿರುವ ಹಿರಿಯರು ಅದನ್ನೇ ಸೊಸೆಗೆ ತೋರಿಸುತ್ತಾರಂತೆ.

ಬರಹಗಾರನಿಗೆ ತನ್ನ ಮಾತನ್ನು ಯಾರೋ ಕತ್ತರಿಸಿಟ್ಟುಕೊಂಡಿದ್ದಾರೆಂದು ತಿಳಿದರೆ ಸಂತೋಷವಾಗಬೇಕು. ನಮಗಾದರೋ ಪತ್ರವನ್ನು ಓದಿ ನಾಚಿಕೆಯಾಯಿತು. ಏಕೆಂದರೆ ಆ ಮಾತು ತಪ್ಪೆಂಬುದನ್ನು ನಾವು 2024ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲಿಯೇ ಕಲಿತಿದ್ದೆವು. ಕಲಿತೂ ಬಹಿರಂಗವಾಗಿ ತಿದ್ದಿಕೊಳ್ಳದೆ ಸುಮ್ಮನಿದ್ದೆವು. ಆ ಸಂಗತಿಯನ್ನು ಮುಂದೆ ಹೇಳುತ್ತೇವೆ. ಅದಕ್ಕೂ ಮೊದಲು ಯಂತ್ರವನ್ನೇ ಸ್ವಲ್ಪ ಬಿಚ್ಚಿ ನೋಡೋಣ. ಅದು ಏನು ಮಾಡುತ್ತದೆಂದು ತಿಳಿಯದೆ ಅದು ಬೇಕೋ ಬೇಡವೋ ಎಂದು ವಾದಿಸುವುದರಲ್ಲಿ ಅರ್ಥವಿಲ್ಲ.

ಏಸಿ ತಂಪನ್ನು ತಯಾರಿಸುತ್ತದೆ ಎಂದು ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದೇವೆ. ತಂಪು ಎಂಬುದು ತಯಾರಿಸಬಹುದಾದ ವಸ್ತುವಲ್ಲ. ಇರುವುದು ಕಾವು ಮಾತ್ರ. ಅದು ಕಡಿಮೆಯಾದ ಸ್ಥಿತಿಗೆ ನಾವು ತಂಪು ಎನ್ನುತ್ತೇವೆ. ನೀರು ತಾನಾಗಿ ತಗ್ಗಿಗೆ ಹರಿಯುವಂತೆ ಕಾವು ತಾನಾಗಿ ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ. ನೀರನ್ನು ತಗ್ಗಿನಿಂದ ಮೇಲಕ್ಕೆ ತರಬೇಕಾದರೆ ಶ್ರಮ ಬೇಕು. ಹಳೆಯ ತೋಟಗಳಲ್ಲಿದ್ದ ಕಪಿಲೆ ಬಾವಿಯನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಚರ್ಮದ ಚೀಲವು ಬರಿದಾಗಿ ಬಾವಿಗಿಳಿಯುತ್ತದೆ, ತುಂಬಿಕೊಂಡು ಮೇಲೆ ಬರುತ್ತದೆ, ಕಾಲುವೆಗೆ ಸುರಿದು ಮತ್ತೆ ಇಳಿಯುತ್ತದೆ. ಎತ್ತುಗಳು ಎಳೆಯುತ್ತಿರುವ ತನಕ ಈ ಏರಿಳಿತ ನಡೆಯುತ್ತದೆ. ಏಸಿಯೂ ಒಂದು ಕಪಿಲೆ. ಕೋಣೆಯೇ ಬಾವಿ, ಕಾವೇ ನೀರು, ವಿದ್ಯುತ್ತೇ ಎತ್ತು. ಚೀಲದ ಸ್ಥಾನದಲ್ಲಿರುವುದು ತಾಮ್ರದ ಕೊಳವೆಯೊಳಗೆ ಸುತ್ತುತ್ತಿರುವ ಒಂದು ದ್ರವ. ಮೆಕ್ಯಾನಿಕರು ಅದನ್ನು ‘ಗ್ಯಾಸು’ ಎನ್ನುತ್ತಾರೆ.

ಈ ಗ್ಯಾಸು ಕಾವನ್ನು ಹೊತ್ತುಕೊಳ್ಳುವ ಬಗೆ ನಮ್ಮ ತಾಯಂದಿರಿಗೆ ಅಡುಗೆ ಮನೆಯಲ್ಲಿಯೇ ಪರಿಚಿತ. ದ್ರವವು ಆವಿಯಾಗುವಾಗ ಸುತ್ತಲಿನ ಕಾವನ್ನು ಹೀರಿಕೊಳ್ಳುತ್ತದೆ. ಮಣ್ಣಿನ ಹರವಿಯ ಮೈಯಿಂದ ಒಸರಿದ ನೀರು ಆರುತ್ತ ಒಳಗಿನ ನೀರನ್ನು ತಣಿಸುತ್ತದೆ. ಸೂಜಿ ಚುಚ್ಚುವ ಮುನ್ನ ದಾದಿಯು ಸ್ಪಿರಿಟ್ ಹಚ್ಚಿದಾಗ ತೋಳು ತಣ್ಣಗಾಗುವುದೂ ಇದರಿಂದಲೇ. ದಾಸೋಹದ ಅಡುಗೆಯಲ್ಲಿ ದೊಡ್ಡ ಒಲೆಗೆ ಹಚ್ಚಿದ ಸಿಲಿಂಡರನ್ನು ಮುಟ್ಟಿ ನೋಡಿರಿ: ಒಳಗಿನ ದ್ರವವು ಭರದಿಂದ ಆವಿಯಾಗುತ್ತಿರುವುದರಿಂದ ಅದರ ಮೈ ತಣ್ಣಗಾಗಿ ಹನಿಗಟ್ಟಿರುತ್ತದೆ. ಎರಡು ಹೆಜ್ಜೆ ಆಚೆ ಬೆಂಕಿ ಉರಿಯುತ್ತಿದ್ದರೂ ಸಿಲಿಂಡರು ಬೆವರುತ್ತದೆ.

ಇದರ ವಿರುದ್ಧವೂ ಸತ್ಯ. ಆವಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದ ಮೇಲೆ ಪಂಪಿನ ಬುಡ ಸುಡುತ್ತದಲ್ಲವೆ? ಜೊತೆಗೆ, ಒತ್ತಡ ಹೆಚ್ಚಿದಂತೆ ಕುದಿಯುವ ಬಿಂದುವೂ ಏರುತ್ತದೆ. ತೆರೆದ ಪಾತ್ರೆಯಲ್ಲಿ 100 ಡಿಗ್ರಿಗೆ ಕುದಿಯುವ ನೀರು ಪ್ರೆಶರ್ ಕುಕ್ಕರಿನಲ್ಲಿ ಸುಮಾರು 120 ಡಿಗ್ರಿಯವರೆಗೂ ಕುದಿಯದೆ ನಿಲ್ಲುತ್ತದೆ; ಎಂತಲೇ ಬೇಳೆ ಬೇಗ ಬೇಯುತ್ತದೆ.

ಇಷ್ಟು ತಿಳಿದರೆ ಏಸಿಯ ಗುಟ್ಟು ತಿಳಿದಂತೆ. ಇಂದಿನ ಅನೇಕ ಮನೆಯ ಏಸಿಗಳಲ್ಲಿರುವ ಆರ್-32 ಎಂಬ ಗ್ಯಾಸು, ಒತ್ತಡವಿಲ್ಲದ ಬಯಲಿನಲ್ಲಿ ಸೊನ್ನೆಗಿಂತ 52 ಡಿಗ್ರಿ ಕೆಳಗೇ ಕುದಿದು ಹಾರಿಹೋಗುವಂಥದು. ಕೋಣೆಯೊಳಗಿನ ಪೆಟ್ಟಿಗೆಯ ಕೊಳವೆಗಳಲ್ಲಿ ಅದನ್ನು ಕಡಿಮೆ ಒತ್ತಡದಲ್ಲಿಟ್ಟಿರುತ್ತಾರೆ. ಅಲ್ಲಿ ಅದು ಹತ್ತು ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಮೂವತ್ತು ಡಿಗ್ರಿಯ ಕೋಣೆಯ ಗಾಳಿ ಅದರ ಪಾಲಿಗೆ ಒಲೆಯಿದ್ದಂತೆ. ಗಾಳಿಯ ಕಾವನ್ನು ಹೀರಿ ಆವಿಯಾದ ಗ್ಯಾಸು ಹೊರಗಿನ ಪೆಟ್ಟಿಗೆಗೆ ಹೋಗುತ್ತದೆ. ಅಲ್ಲಿ ಕಂಪ್ರೆಸರ್ ಅದನ್ನು ಬಲವಾಗಿ ಒತ್ತಿ, ಹೊರಗಿನ ಬಿಸಿಲಿಗಿಂತಲೂ ಬಿಸಿ ಮಾಡುತ್ತದೆ. ಕಾವು ಬಿಸಿಯಾದ ಕಡೆಯಿಂದ ತಣ್ಣಗಿನ ಕಡೆಗೆ ಹರಿಯುತ್ತದಷ್ಟೆ! 42 ಡಿಗ್ರಿಯ ಬಿಸಿಲೂ ಈ ಗ್ಯಾಸಿಗಿಂತ ತಣ್ಣಗಿರುವುದರಿಂದ, ಗ್ಯಾಸು ತನ್ನ ಕಾವನ್ನು ಹೊರಗಿನ ಗಾಳಿಗೆ ಕೊಟ್ಟು ಮತ್ತೆ ದ್ರವವಾಗುತ್ತದೆ. ಒಂದು ಕಿರಿದಾದ ಕಂಡಿಯ ಮೂಲಕ ಹಾಯುವಾಗ ಒತ್ತಡ ಇಳಿದು, ಮೈ ತಣ್ಣಗಾಗಿ, ಮತ್ತೆ ಕೋಣೆಯೊಳಗೆ ಬರುತ್ತದೆ. ಚೀಲ ಮತ್ತೆ ಬಾವಿಗಿಳಿಯಿತು.

ಇಲ್ಲಿ ಒಂದು ಮಾತನ್ನು ಹೇಳಿಬಿಡಬೇಕು. ಈ ಗ್ಯಾಸು ಬೆಸೆದು ಮುಚ್ಚಿದ ಕೊಳವೆಗಳೊಳಗೆ ಸುತ್ತುತ್ತಿರುತ್ತದೆಯೇ ಹೊರತು ಅಡುಗೆಯ ಗ್ಯಾಸಿನಂತೆ ಖರ್ಚಾಗುವುದಿಲ್ಲ. ಪ್ರತಿ ಬೇಸಿಗೆಗೆ ‘ಗ್ಯಾಸು ಮುಗಿದಿದೆ, ತುಂಬಿಸಬೇಕು’ ಎಂದು ಹೇಳುವವರು ಬಂದರೆ, ಎಲ್ಲಿ ಸೋರಿದೆ ತೋರಿಸಿರಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಮೊದಲು ಜಾಲರಿಯ ಧೂಳನ್ನು ತೊಳೆದು ನೋಡಿರಿ. ನಮ್ಮ ಅನುಭವದಲ್ಲಿ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ.

‘ಒಂದು ಟನ್ನಿನ ಏಸಿ’ ಎಂದರೆ ಅದರ ತೂಕವೆಂದು ಭಾವಿಸಿದವರು ಅನೇಕರು, ನಾವೂ ಭಾವಿಸಿದ್ದೆವು. ಅದು ಮಂಜುಗಡ್ಡೆಯ ಲೆಕ್ಕ. ಯಂತ್ರಗಳು ಬರುವ ಮೊದಲು ತಂಪನ್ನು ಮಾರುತ್ತಿದ್ದುದೇ ಗಡ್ಡೆಯ ರೂಪದಲ್ಲಿ. 1833ರಲ್ಲಿ ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯು ಕೆರೆಗಳಲ್ಲಿ ಹೆಪ್ಪುಗಟ್ಟಿದ ಮಂಜನ್ನು ಕೊಯ್ಯಿಸಿ, 180 ಟನ್ನುಗಳಷ್ಟನ್ನು ಹಡಗಿಗೆ ತುಂಬಿಸಿ ಕಲ್ಕತ್ತೆಗೆ ಕಳುಹಿಸಿದನು. ನಾಲ್ಕು ತಿಂಗಳ ಪ್ರಯಾಣದ ನಂತರವೂ ಸುಮಾರು 100 ಟನ್ನು ಉಳಿದಿತ್ತು. ಚೆನ್ನೈ ಕಡಲತೀರದಲ್ಲಿ ಇಂದು ವಿವೇಕಾನಂದರ ಹೆಸರು ಹೊತ್ತಿರುವ ಕಟ್ಟಡವು ಆ ಮಂಜನ್ನು ಕೂಡಿಡಲು ಕಟ್ಟಿದ ಐಸ್ ಹೌಸ್ ಆಗಿತ್ತು. ಅಮೆರಿಕದವರ ಒಂದು ಟನ್ನು, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ ಒಂದು ದಿನದಲ್ಲಿ ಕರಗುವಾಗ ಹೀರುವಷ್ಟು ಕಾವನ್ನು ಒಂದು ಟನ್ನಿನ ಏಸಿಯು ಎಡೆಬಿಡದೆ ಓಡಿದರೆ ಒಂದು ದಿನದಲ್ಲಿ ಹೊರಗೆಸೆಯುತ್ತದೆ. ಕಲ್ಕತ್ತೆಯ ಸಾಹೇಬರು ಹಡಗಿಗಾಗಿ ಕಾದು ಕುಳಿತು ಪಡೆಯುತ್ತಿದ್ದುದು ಈಗ ಗೋಡೆಯ ಮೇಲಿದೆ.

ಇನ್ನು ನಾವು ಮಾಡಿದ ತಪ್ಪಿಗೆ ಬರೋಣ. ಏಸಿ ಐಷಾರಾಮಕ್ಕಾಗಿ ಹುಟ್ಟಿತೆಂದು ನಾವು ಬರೆದಿದ್ದೆವು. ಚರಿತ್ರೆ ಹಾಗೆ ಹೇಳುವುದಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಜಾನ್ ಗೋರಿ ಎಂಬ ವೈದ್ಯನಿದ್ದನು. ಜ್ವರದಿಂದ ನರಳುವ ರೋಗಿಗಳ ಕೋಣೆಯನ್ನು ತಣಿಸಬೇಕೆಂಬ ಹಂಬಲದಿಂದ ಆತ ಮಂಜುಗಡ್ಡೆ ಮಾಡುವ ಯಂತ್ರವನ್ನು ರೂಪಿಸಿ, 1851ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಹಣ ಹೂಡುವವರು ಸಿಗಲಿಲ್ಲ, 1855ರಲ್ಲಿ ತೀರಿಕೊಂಡನು. ಅನಂತರ 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದ ತೊಂದರೆಯನ್ನು ನಿವಾರಿಸಲು ವಿಲ್ಲಿಸ್ ಕ್ಯಾರಿಯರ್ ಎಂಬ 25 ವರ್ಷದ ಎಂಜಿನಿಯರನು ಇಂದಿನ ಹವಾನಿಯಂತ್ರಣದ ಬುನಾದಿ ಹಾಕಿದನು. ಅಲ್ಲಿಯ ತೊಂದರೆ ಸೆಕೆಗಿಂತ ಹೆಚ್ಚಾಗಿ ಗಾಳಿಯ ತೇವ. ಬಣ್ಣದ ಪುಟವನ್ನು ಒಂದೊಂದೇ ಬಣ್ಣವಾಗಿ ಹಲವು ಸಲ ಅಚ್ಚು ಹಾಕಬೇಕು. ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿದರೆ ಒಂದು ಬಣ್ಣದ ಮೇಲೆ ಇನ್ನೊಂದು ಸರಿಯಾಗಿ ಕೂಡುವುದಿಲ್ಲ. ಪತ್ರಿಕೆಯ ಕೆಲಸದಲ್ಲಿರುವ ನಮಗೆ ಇದು ಚೆನ್ನಾಗಿ ಗೊತ್ತು. ಮಳೆಗಾಲದ ಸಂಚಿಕೆಯೊಂದರ ಮುಖಪುಟದಲ್ಲಿ ಗುಲಾಬಿಯ ಕೆಂಪು ಹೂವಿನಿಂದ ಸರಿದು ಎಲೆಯ ಮೇಲೆ ಬಿದ್ದಿದ್ದನ್ನು ಹಳೆಯ ಓದುಗರು ಮರೆತಿರಲಾರರು. ತಣ್ಣನೆಯ ಕೊಳವೆಗಳ ಮೇಲೆ ಗಾಳಿಯನ್ನು ಹಾಯಿಸಿದರೆ ತೇವವು ನೀರಾಗಿ ಇಳಿದುಹೋಗುತ್ತದೆಂಬುದು ಕ್ಯಾರಿಯರನ ಉಪಾಯ. ಇಂದಿಗೂ ಏಸಿಯ ಹೊರಗೆ ಸಣ್ಣ ಕೊಳವೆಯಿಂದ ತೊಟ್ಟಿಕ್ಕುವುದು ಆ ನೀರೇ. ಮಂಗಳೂರಿನಲ್ಲಿ ಅದು ಬಕೆಟ್ಟು ತುಂಬುತ್ತದೆ. ನಮ್ಮ ಕಲಬುರಗಿಯ ಏಪ್ರಿಲ್‌ನಲ್ಲಿ ತಂಬಿಗೆಯೂ ತುಂಬುವುದು ಕಷ್ಟ.

ರೋಗಿಯ ಕೋಣೆ ಮೊದಲು, ಮುದ್ರಣಾಲಯ ಅನಂತರ. ಸಿನಿಮಾ ಮಂದಿರಗಳು ತಂಪನ್ನು ಸುಖಕ್ಕಾಗಿ ಮಾರತೊಡಗಿದ್ದು 1920ರ ದಶಕದಲ್ಲಿ.

ನಮ್ಮ ಮನೆಯ ಸಂಗತಿ ಹೀಗಿದೆ. ಕಲಬುರಗಿಯ ನಮ್ಮ ಹಿರಿಯರ ಮನೆ ಕಲ್ಲುಮಣ್ಣಿನ ದಪ್ಪ ಗೋಡೆಯ, ಮೇಲ್ಮುದ್ದಿಯ ಮನೆಯಾಗಿತ್ತು. ತೊಲೆ ಜಂತಿಗಳ ಮೇಲೆ ಮೊಣಕಾಲುದ್ದ ಮಣ್ಣು. ಮಧ್ಯಾಹ್ನದ ಬಿಸಿಲು ಆ ಮಣ್ಣನ್ನು ದಾಟಿ ಕೆಳಗಿಳಿಯುವಷ್ಟರಲ್ಲಿ ರಾತ್ರಿಯಾಗಿ, ಹೊರಗಿನ ಗಾಳಿ ತಣ್ಣಗಾಗಿರುತ್ತಿತ್ತು. ಆ ಮನೆಯನ್ನು ಹೊಗಳಿ ಹಾಡುವ ಆಸೆ ನಮಗಿಲ್ಲ. ಮಳೆಗೆ ಸೋರುತ್ತಿತ್ತು, ಜಂತಿಯಿಂದ ಚೇಳು ಬೀಳುತ್ತಿತ್ತು, ಪ್ರತಿ ವರ್ಷ ಕರಲು ಮಣ್ಣು ಹರಡಿ ತುಳಿಸಲು ಆಳು ಸಿಗುತ್ತಿರಲಿಲ್ಲ. 2011ರಲ್ಲಿ ಅದನ್ನು ಕೆಡವಿಸಿ ಸ್ಲ್ಯಾಬ್ ಹಾಕಿಸಿದೆವು. ಐದಂಗುಲದ ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು, ರಾತ್ರಿ ಹನ್ನೆರಡರವರೆಗೂ ಕೆಳಗೆ ಮಲಗಿದವರ ಮೇಲೆ ಉಗುಳುತ್ತದೆಂಬುದನ್ನು ಆಗ ಯಾರೂ ಯೋಚಿಸಲಿಲ್ಲ. ಫ್ಯಾನು ಆ ಕಾವನ್ನೇ ಕೆಳಕ್ಕೆ ತಳ್ಳುತ್ತಿತ್ತು.

2024ರ ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ತಾಯಿಯವರು ಏಳಲಿಲ್ಲ. ಎಬ್ಬಿಸಿದರೆ, ತೀರಿಹೋಗಿ ಇಪ್ಪತ್ತು ವರ್ಷಗಳಾದ ನಮ್ಮ ತಂದೆಯವರನ್ನು ಕರೆದು, ‘ಎತ್ತಿಗಿ ನೀರ ಕುಡಿಸೀರೇನು?’ ಎಂದು ಕೇಳುತ್ತಿದ್ದರು. ಮೈ ಕೆಂಡದಂತಿತ್ತು, ಬೆವರೇ ಇರಲಿಲ್ಲ. ಹಿಂದಿನ ಐದು ರಾತ್ರಿಗಳಿಂದ ಅವರು ಸರಿಯಾಗಿ ನಿದ್ರಿಸಿಲ್ಲವೆಂಬುದು, ಎದ್ದು ಹೋಗಬೇಕಾಗುತ್ತದೆಂದು ನೀರು ಕುಡಿಯುವುದನ್ನೂ ಕಡಿಮೆ ಮಾಡಿದ್ದರೆಂಬುದು ನಮಗೆ ಆಸ್ಪತ್ರೆಯಲ್ಲಿ ತಿಳಿಯಿತು. ಒದ್ದೆ ಬಟ್ಟೆ, ಫ್ಯಾನು, ನರಕ್ಕೆ ಸಲೈನ್. ಮೂರನೆಯ ದಿನ ನಮ್ಮನ್ನು ಹೆಸರು ಹಿಡಿದು ಕರೆದರು.

ಅಲ್ಲಿಯ ವೈದ್ಯರು ತಾಳ್ಮೆಯಿಂದ ವಿವರಿಸಿದರು. ನಮ್ಮ ಮೈ ತನ್ನನ್ನು ತಾನು 37 ಡಿಗ್ರಿಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದ ಮೇಲೆ ಉಳಿಯುವುದು ಬೆವರೊಂದೇ ದಾರಿ, ಮೈಯೇ ಹರವಿಯಾಗಬೇಕು. ಮುಪ್ಪಿನಲ್ಲಿ ಬೆವರು ಕಡಿಮೆ, ಬಾಯಾರಿಕೆಯ ಅರಿವೂ ಕಡಿಮೆ. ರಕ್ತದೊತ್ತಡಕ್ಕೆ ಕೊಡುವ ಕೆಲವು ಗುಳಿಗೆಗಳು ಮೈಯ ನೀರನ್ನು ಇಳಿಸುತ್ತವೆ. ಹಗಲಿನ ಬಿಸಿಲಿನಲ್ಲಿ ದಣಿದ ಹೃದಯಕ್ಕೆ ರಾತ್ರಿಯೂ ವಿಶ್ರಾಂತಿ ಸಿಗದಿದ್ದರೆ ಕೆಲವು ದಿನಗಳಲ್ಲಿಯೇ ಅದು ಸೋಲುತ್ತದೆ. ಗಾಳಿ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಗೆ ಕಾವನ್ನೇ ತರುತ್ತದೆಂದು, ಅಂಥ ಹೊತ್ತಿನಲ್ಲಿ ಅದನ್ನು ನೆಚ್ಚಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಬಿಸಿಲಿನ ಸಾವು ಸದ್ದಿಲ್ಲದ ಸಾವು. ದಾಖಲೆಯಲ್ಲಿ ಹೃದಯಾಘಾತವೆಂದೋ ವಯೋಸಹಜವೆಂದೋ ಬರೆದುಬಿಡುತ್ತಾರೆ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಂಥ ಸಿರಿವಂತ ದೇಶದಲ್ಲಿ ಸುಮಾರು 15,000 ಮಂದಿ ಬಿಸಿಲಿನ ಹೊಡೆತಕ್ಕೆ ಸತ್ತರು. ಹೆಚ್ಚಿನವರು ವೃದ್ಧರು, ಅನೇಕರು ಒಂಟಿಯಾಗಿದ್ದವರು. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ ಪಾದರಸ 46.8 ಡಿಗ್ರಿಗೆ ಏರಿದಾಗ, ಆ ತಿಂಗಳು ಸಾಮಾನ್ಯಕ್ಕಿಂತ 1,344 ಸಾವುಗಳು ಹೆಚ್ಚಾಗಿದ್ದುದು ಅನಂತರದ ಲೆಕ್ಕದಿಂದ ತಿಳಿಯಿತು. ಆ ನಗರ 2013ರಲ್ಲಿ ಬಿಸಿಲಿನ ಮುನ್ನೆಚ್ಚರಿಕೆಯ ಯೋಜನೆಯನ್ನು ರೂಪಿಸಿತು. ಸೂರುಗಳಿಗೆ ಬಿಳಿ ಬಳಿಯುವ ಕಾರ್ಯ ಅದರೊಡನೆ ಸೇರಿಕೊಂಡಿತು. ಅಮೆರಿಕದ ಶತಮಾನದ ದಾಖಲೆಗಳನ್ನು ತೂಗಿ ನೋಡಿದ ಅರ್ಥಶಾಸ್ತ್ರಜ್ಞರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅಲ್ಲಿ ಸುಡುಬಿಸಿಲಿನ ದಿನಗಳ ಸಾವು ಮುಕ್ಕಾಲು ಪಾಲು ಇಳಿದುದಕ್ಕೆ ಮುಖ್ಯ ಕಾರಣ ಮನೆಮನೆಗೆ ಬಂದ ಏಸಿ. ಸೋಫಾದ ಸಾಲಿನಲ್ಲಿ ನಾವು ನಿಲ್ಲಿಸಿದ್ದ ವಸ್ತು ಇದು.

ಹಾಗೆಂದು ಎಲ್ಲರೂ ಅಂಗಡಿಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ನಮ್ಮ ಬಯಲುಸೀಮೆಯ ಒಣ ಹವೆಯಲ್ಲಿ ನೀರಿನ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ; ಅದು ಹರವಿಯ, ಲಾವಂಚದ ತಟ್ಟಿಯ ವಂಶದ್ದು. ಬೆಲೆಯೂ ವಿದ್ಯುತ್ತೂ ಕಡಿಮೆ. ಕಿಟಕಿ ತೆರೆದಿರಬೇಕು, ನೀರು ಇರಬೇಕು ಅಷ್ಟೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನಲ್ಲಿ ಬರುವ ಓಣಿಗಳಲ್ಲಿ ಆ ‘ಅಷ್ಟೆ’ ದೊಡ್ಡದೆಂಬುದನ್ನೂ ಬಲ್ಲೆವು. ಕರಾವಳಿಯಲ್ಲಿ ಕೂಲರಿನಿಂದ ಪ್ರಯೋಜನವಿಲ್ಲ. ಈಗಾಗಲೇ ತೇವ ತುಂಬಿದ ಗಾಳಿಗೆ ಇನ್ನಷ್ಟು ನೀರನ್ನು ಕುಡಿಯಲಾಗದು.

ತಾಯಿಯವರ ಕೋಣೆಗೆ ಒಂದು ಟನ್ನಿನ ಏಸಿ ತಂದೆವು. ಅವರು ಮೊದಲು ಒಪ್ಪಲಿಲ್ಲ. ‘ನನಗ್ಯಾಕೋ ತಮ್ಮಾ ಈ ಸಾವ್ಕಾರಕಿ? ಕಾಲ ಹಿಡಿತಾವ. ಇದ್ದಷ್ಟು ದಿನ ಬೀಸಣಿಕಿ ಸಾಕು’ ಎಂದರು. ಕಾಲು ಹಿಡಿಯುವುದು ಹದಿನಾರು ಡಿಗ್ರಿಗೆ ಇಳಿಸಿ ಕಂಬಳಿ ಹೊದೆಯುವವರಿಗೆ. 27ಕ್ಕೆ ಇಟ್ಟು, ಫ್ಯಾನನ್ನು ಮೆಲ್ಲಗೆ ತಿರುಗಿಸಿದರೆ ಸಾಕಾಗುತ್ತದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ನೂರಕ್ಕೆ ಆರರಷ್ಟು ವಿದ್ಯುತ್ತು ಉಳಿಯುತ್ತದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರಿಂದ ಹೊಸ ಯಂತ್ರಗಳು ತಾವಾಗಿಯೇ 24 ಡಿಗ್ರಿಯಲ್ಲಿ ಆರಂಭವಾಗುವಂತೆ ನಿಯಮವನ್ನೂ ಮಾಡಿದೆ. ಇನ್ನೊಂದು ವಿಷಯ: ಮನೆಗಳಲ್ಲಿರುವ ಸಾಮಾನ್ಯ ಏಸಿ ಹೊರಗಿನ ಗಾಳಿಯನ್ನು ಒಳಗೆ ತರುವುದಿಲ್ಲ, ಒಳಗಿನದನ್ನೇ ಸುತ್ತಿಸುತ್ತದೆ. ಆದುದರಿಂದ ಬೆಳಗಿನ ಜಾವ ಕಿಟಕಿ ತೆರೆಯಲೇಬೇಕು. ಮುಚ್ಚಿದ ಕೋಣೆಯಲ್ಲಿ ಊದುಬತ್ತಿ, ದೀಪ ಹಚ್ಚಿಡಬಾರದು.

ಯಂತ್ರ ಓಡಿತು, ತಾಯಿಯವರು ಮಲಗಿದರು. ನಾಲ್ಕನೆಯ ದಿನ ಪಕ್ಕದ ಮನೆಯ ಅಜ್ಜಿ ಬಂದರು. ಅವರಿಗೂ ಎಂಬತ್ತರ ಹತ್ತಿರ. ಸಂಜೆಯಿಂದ ರಾತ್ರಿಯವರೆಗೆ ಸಂದಿಗೆ ಮುಖ ಮಾಡಿದ ತಮ್ಮ ಕಟ್ಟೆಯ ಮೇಲೆ ಒರಗಿಕೊಳ್ಳುವುದು ಅವರ ರೂಢಿ. ‘ತಮ್ಮಾ, ನಿಮ್ಮವ್ವಗ ತಂಪ ಮಾಡೀದಿ, ಛಲೋ ಆತು. ಖರೆ ಅಕಿ ಬಿಸಿ ಎಲ್ಲಾ ನನ್ನ ಮುಖದ ಮ್ಯಾಲ ಬಿಟ್ಟೀದಲ್ಲೊ’ ಎಂದರು.

ನಾವು ಹೊರಗಿನ ಪೆಟ್ಟಿಗೆಯನ್ನು ಸಂದಿಯ ಗೋಡೆಗೆ ಹಾಕಿಸಿದ್ದೆವು. ಅಜ್ಜಿ ಶಾಲೆ ಕಂಡವರಲ್ಲ, ಆದರೂ ಲೆಕ್ಕ ಸರಿಯಾಗಿತ್ತು. ಒಂದು ಟನ್ನಿನ ಯಂತ್ರವು ಕೋಣೆಯಿಂದ ಮೂರೂವರೆ ಕಿಲೋವ್ಯಾಟ್ ಕಾವನ್ನು ಎತ್ತುತ್ತದೆ. ಎತ್ತಲು ತಾನು ಸುಮಾರು ಒಂದು ಕಿಲೋವ್ಯಾಟ್ ವಿದ್ಯುತ್ತನ್ನು ತಿನ್ನುತ್ತದೆ. ಹೊರಗೆ ಬೀಳುವುದು ನಾಲ್ಕೂವರೆ. ಒಳಗಿನಿಂದ ತೆಗೆದುದಕ್ಕಿಂತ ಹೊರಗೆ ಹಾಕಿದ್ದೇ ಹೆಚ್ಚು. ಅಮೆರಿಕದ ಫೀನಿಕ್ಸ್ ನಗರದಲ್ಲಿ ಏಸಿಗಳು ಹೊರಬಿಡುವ ಕಾವಿನಿಂದಲೇ ರಾತ್ರಿಯ ಗಾಳಿ ಒಂದು ಡಿಗ್ರಿಗೂ ಹೆಚ್ಚು ಬಿಸಿಯಾಗುತ್ತದೆಂದು 2014ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ವಿದ್ಯುತ್ತು ಕಲ್ಲಿದ್ದಲಿನಿಂದ ಬರುತ್ತಿರುವ ತನಕ ಅದರ ಹೊಗೆಯೂ ಬಿಸಿಲನ್ನು ಹೆಚ್ಚಿಸುತ್ತದೆ. ಸೋರಿಹೋದ ಆರ್-32 ಇಂಗಾಲದ ಡೈಆಕ್ಸೈಡಿಗಿಂತ 675 ಪಟ್ಟು ಕಾವನ್ನು ಹಿಡಿದಿಡಬಲ್ಲದು. ಅಂತಾರಾಷ್ಟ್ರೀಯ ಇಂಧನ ಸಂಸ್ಥೆಯ 2018ರ ವರದಿಯಂತೆ, ಅತ್ಯಂತ ಬಿಸಿಯ ನಾಡುಗಳಲ್ಲಿ ವಾಸಿಸುವ 280 ಕೋಟಿ ಜನರಲ್ಲಿ ಏಸಿ ಇದ್ದವರು ನೂರಕ್ಕೆ ಎಂಟು ಮಂದಿ. ಉಳಿದ ತೊಂಬತ್ತೆರಡು ಮಂದಿ ನಮ್ಮ ಪಕ್ಕದ ಕಟ್ಟೆಯ ಮೇಲೆ ಕುಳಿತಿದ್ದಾರೆ.

ತಾಮ್ರದ ಕೊಳವೆಗೆ ಇನ್ನಷ್ಟು ಹಣ ಕೊಟ್ಟು ಪೆಟ್ಟಿಗೆಯನ್ನು ಮಾಳಿಗೆಯ ಮೇಲಕ್ಕೆ, ಖಾಲಿ ಜಾಗದ ಕಡೆಗೆ ಸರಿಸಿದೆವು. ಬಿಸಿಲಿನಲ್ಲಿ ಅದು ಹೆಚ್ಚು ದುಡಿಯಬಾರದೆಂದು ಗಾಳಿಯಾಡುವಂತೆ ಮೇಲೊಂದು ನೆರಳು ಕಟ್ಟಿಸಿದೆವು. ಅದೇ ಏಣಿಯಲ್ಲಿ ಹತ್ತಿದವನಿಂದ ಸ್ಲ್ಯಾಬಿಗೆ ಎರಡು ಸಲ ಸುಣ್ಣ ಬಳಿಸಿದೆವು. 2011ರಲ್ಲಿಯೇ ಮಾಡಬೇಕಾಗಿದ್ದ ಕೆಲಸ. ಬಾವಿಗೆ ಬೀಳುವ ನೀರು ಕಡಿಮೆಯಾದರೆ ಎತ್ತಿಗೂ ದುಡಿಮೆ ಕಡಿಮೆ. ಮರುವರ್ಷದ ಬೇಸಿಗೆಯಲ್ಲಿ ಬಿಲ್ಲು ಇಳಿಯಿತು. ಕೆಲವು ರಾತ್ರಿ ಏಸಿಯನ್ನು ಹಚ್ಚುವುದೇ ಬೇಕಾಗಲಿಲ್ಲ.

ರಾಯಚೂರಿನ ಸೋದರಿಯು ಈ ಸಂಚಿಕೆಯನ್ನು ತಮ್ಮ ಮನೆಯ ಹಿರಿಯರಿಗೆ ತೋರಿಸಬೇಕೆಂದೂ, ಹಿರಿಯರು ನಮ್ಮ ಹಳೆಯ ಪುಟವನ್ನು ದಯಮಾಡಿ ಹರಿದು ಹಾಕಬೇಕೆಂದೂ ಕೋರುತ್ತೇವೆ. ಮೊದಲು ಸುಣ್ಣ, ಆಮೇಲೆ ಕೂಲರ್. ಅದರಿಂದಲೂ ಅತ್ತೆಯವರಿಗೆ ರಾತ್ರಿ ನಿದ್ದೆ ಬಾರದಿದ್ದರೆ ಏಸಿ. ಮೂರನೆಯದಕ್ಕಾಗಿ ಜೂನ್ ತಿಂಗಳವರೆಗೆ ಕಾಯುವುದು ಬೇಡ.

ಪಕ್ಕದ ಅಜ್ಜಿಯವರು ಈಗ ಏಪ್ರಿಲ್, ಮೇ ತಿಂಗಳುಗಳ ಮಧ್ಯಾಹ್ನ ಊಟ ಮುಗಿಸಿ ನಮ್ಮ ತಾಯಿಯವರ ಕೋಣೆಗೆ ಬಂದು ಮಲಗುತ್ತಾರೆ. ಒಬ್ಬರಿಗೆ 27 ಬೇಕು, ಇನ್ನೊಬ್ಬರಿಗೆ 28. ರಿಮೋಟು ದಿಂಬಿನ ಕೆಳಗಿರುತ್ತದೆ, ಮೊದಲು ಬಂದವರದು.